ಮಂಗನನ್ನು ಬೈಯಬೇಡಿ, ದರಗಿನ ಕಡೆ ನೋಡಿ
(ಮಲೆನಾಡಿನ ಒಂದು ಗ್ರಾಮಸಭೆಯಲ್ಲಿ ಮಾಡಿದ ಮಾತು)

ಎಲ್ಲರಿಗೂ ನಮಸ್ಕಾರ. ಅಡಿಕೆ ಕೊಯ್ಲು ಬಿಟ್ಟು ಇಷ್ಟು ಜನ ಬಂದಿದ್ದೀರಿ, ಆದ್ದರಿಂದ ಪೀಠಿಕೆ ಬೇಡ. ಡಿಸೆಂಬರ್ ಬಂತು. ಇನ್ನು ಮೇ ತನಕ ಮಂಗನ ಕಾಯಿಲೆಯ ಕಾಲ. ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ 2019ರ ಹೊತ್ತಿಗೆ ಈ ಕಾಯಿಲೆಗೆ ಎಷ್ಟು ಜನ ಬಲಿಯಾದರು ಅಂತ ನಿಮಗೆ ನಾನು ಹೇಳಬೇಕಾ?

ಒಂದು ಹಳೇ ಕಥೆ ಹೇಳ್ತೀನಿ. ನನಗೆ ಇದು ಬಹಳ ಇಷ್ಟ, ಸ್ವಲ್ಪ ಉದ್ದ ಆದರೆ ಸಹಿಸಿಕೊಳ್ಳಿ. 1957. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡು. ಮುಸಿಯಗಳು, ಅಂದರೆ ಕಪ್ಪು ಮುಖದ ಮಂಗಗಳು, ಸಾಯುತ್ತಿವೆ, ಅಕ್ಕಪಕ್ಕದ ಊರುಗಳಲ್ಲಿ ಜನಕ್ಕೂ ಜ್ವರ. ಪುಣೆಯ ವೈರಸ್ ಸಂಶೋಧನಾ ಕೇಂದ್ರಕ್ಕೆ ಸುದ್ದಿ ಹೋಯಿತು. ವಿಜ್ಞಾನಿಗಳ ಎದೆ ಝಲ್ಲೆಂದಿತು. ಯಾಕೆ? ಕಾಡಿನಲ್ಲಿ ಮಂಗ ಸತ್ತು, ಜನಕ್ಕೆ ಜ್ವರ ಬಂದರೆ ದಕ್ಷಿಣ ಅಮೆರಿಕದಲ್ಲಿ ಅದಕ್ಕೆ ಹಳದಿ ಜ್ವರ ಅಂತ ಅರ್ಥ. ಅದನ್ನು ಹರಡುವ ಸೊಳ್ಳೆ ನಮ್ಮಲ್ಲಿ ಬೇಕಾದಷ್ಟಿದೆ, ಆದರೆ ಆ ಜ್ವರ ಮಾತ್ರ ಭಾರತಕ್ಕೆ ಯಾವತ್ತೂ ಬಂದಿರಲಿಲ್ಲ. ಈಗ ಬಂತಾ? ಆ ಕೇಂದ್ರದ ಟೆಲ್ಫೋರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಅಂಥ ವಿಜ್ಞಾನಿಗಳು ಇಲ್ಲಿಗೇ ಬಂದರು. ವೈರಸ್ ಸಿಕ್ಕಿತು. ನೋಡಿದರೆ ಹಳದಿ ಜ್ವರ ಅಲ್ಲವೇ ಅಲ್ಲ! ರಷ್ಯಾದ ಕಾಡಿನಲ್ಲಿ ಉಣುಗಿನಿಂದ, ಅಂದರೆ ರಕ್ತ ಹೀರುವ ಉಣ್ಣೆಯಿಂದ, ಬರುವ ಮಿದುಳು ಜ್ವರದ ನೆಂಟ. ಸೊರಬಕ್ಕೂ ಸೈಬೀರಿಯಾಕ್ಕೂ ಏನು ಸಂಬಂಧ? ವಲಸೆ ಹಕ್ಕಿಗಳು ತಂದವೇನೋ ಅಂತ ಅನುಮಾನ. ಪಕ್ಷಿತಜ್ಞ ಸಲೀಂ ಅಲಿಯವರ ತಂಡ ಹಕ್ಕಿ ಹಿಡಿದು ಕಾಲಿಗೆ ಉಂಗುರ ಹಾಕಲು ವಿಶ್ವ ಆರೋಗ್ಯ ಸಂಸ್ಥೆಯೇ ದುಡ್ಡು ಕೊಟ್ಟಿತು. ಹಕ್ಕಿ ತಂದಿತು ಅನ್ನೋದು ಸಾಬೀತಾಗಲಿಲ್ಲ. ಪಕ್ಷಿಶಾಸ್ತ್ರಕ್ಕಂತೂ ಲಾಭ ಆಯ್ತು.

ಮೊದಲು ಸೊಳ್ಳೆ, ಆಮೇಲೆ ಹಕ್ಕಿ, ಈಗ ಮಂಗ. ಬೈಯೋಕೆ ನಮಗೆ ಯಾರಾದರೂ ಬೇಕು. ಆದರೆ ಮಂಗ ನಮ್ಮ ಹಾಗೆಯೇ ರೋಗಿ, ಸ್ವಾಮಿ. ನಮಗೆ ಕಚ್ಚುವುದು ಉಣುಗು, ಅದರಲ್ಲೂ ಮರಿ ಉಣುಗು. ಗಸಗಸೆಗಿಂತ ಸ್ವಲ್ಪ ದೊಡ್ಡದು ಅಷ್ಟೆ. ಮಳೆ ನಿಂತ ಮೇಲೆ ಮೊಟ್ಟೆಯೊಡೆದು, ಇಲಿ, ಹಕ್ಕಿಗಳ ರಕ್ತ ಕುಡಿದು ಈ ಹೊತ್ತಿಗೆ ಮರಿಯಾಗಿ ತರಗೆಲೆಯಲ್ಲಿ ಕಾಯುತ್ತಿರುತ್ತದೆ. ನಾವು ಆ ತರಗೆಲೆಯನ್ನೇ, ಅಂದರೆ ದರಗು, ಗುಡಿಸಲು ಹೋಗುವುದು ಯಾವಾಗ? ಇದೇ ಕಾಲದಲ್ಲಿ, ಅಲ್ವಾ? ಕಾಡಿನಲ್ಲಿ ಮಂಗ ಸತ್ತರೆ ಮೈ ತಣ್ಣಗಾಗುತ್ತದೆ, ಉಣುಗುಗಳು ಇಳಿದು ಆ ಜಾಗದಲ್ಲೇ ಹರಡುತ್ತವೆ. ಇನ್ನು ಬೆಳೆದ ಉಣುಗಿಗೆ ಊಟ ಹಾಕುವುದು ಯಾರು? ಬೆಟ್ಟಕ್ಕೆ ಮೇಯಲು ಬಿಟ್ಟ ನಮ್ಮ ದನ! ಅದರ ರಕ್ತ ಕುಡಿದು ಕೆಳಗೆ ಬಿದ್ದು ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ಕಾಡಿನ ಅಂಚಿಗೆ ನಾವು ಹೋದಷ್ಟೂ, ದನ ಹೋದಷ್ಟೂ ಉಣುಗಿಗೆ ಹಬ್ಬ. ಆದರೂ ಬೈಗುಳ ಮಂಗಕ್ಕೆ.

ಕಚ್ಚಿದ್ದು ಗೊತ್ತಾಗುವುದಿಲ್ಲ. ಉಣುಗಿನ ಜೊಲ್ಲಿನಲ್ಲಿ ನೋವು ಮರೆಸುವ, ರಕ್ತ ಹೆಪ್ಪುಗಟ್ಟದಂತೆ ಮಾಡುವ, ಚರ್ಮದ ಕಾವಲು ಕಣಗಳನ್ನೇ ಮಂಕಾಗಿಸುವ ಪದಾರ್ಥಗಳಿವೆ. ಆ ಸಂದಿಯಲ್ಲಿ ವೈರಸ್ ಒಳಗೆ ಹೋಗುತ್ತದೆ. ಮೂರರಿಂದ ಎಂಟು ದಿನಕ್ಕೆ ಚಳಿ, ಜೋರು ಜ್ವರ, ತಲೆನೋವು, ಮೈಕೈ ನೋವು. ಈ ಜ್ವರವನ್ನು ತರುವುದು ನಮ್ಮ ಮೈಯೇ. ವೈರಸ್ ಹೊಕ್ಕ ಜೀವಕೋಶ ಇಂಟರ್‌ಫೆರಾನ್ ಎಂಬ ಎಚ್ಚರಿಕೆಯ ಪ್ರೋಟೀನ್ ಬಿಟ್ಟು ಪಕ್ಕದ ಕೋಶಗಳನ್ನು ಎಚ್ಚರಿಸುತ್ತದೆ, ಮಿದುಳು ಮೈಯ ಬಿಸಿ ಏರಿಸುತ್ತದೆ. ಈ ವೈರಸ್‌ಗೇ ತಕ್ಕ ಪ್ರತಿಕಾಯ, ಅಂದರೆ ವೈರಸ್ಸನ್ನು ಹಿಡಿದು ತಡೆಯುವ ಪ್ರೋಟೀನ್, ತಯಾರಾಗಲು ಮಾತ್ರ ಕೆಲವು ದಿನ ಬೇಕು. ಅದಕ್ಕೇ ಮೊದಲ ದಿನಗಳಲ್ಲಿ ರಕ್ತದಲ್ಲಿ ವೈರಸ್ ಹುಡುಕುತ್ತಾರೆ, ಆಮೇಲೆ ಪ್ರತಿಕಾಯ ಹುಡುಕುತ್ತಾರೆ. ಜ್ವರ ಬಂದು ಎಷ್ಟು ದಿನ ಆಯ್ತು ಅಂತ ಡಾಕ್ಟರಿಗೆ ಸರಿಯಾಗಿ ಹೇಳಿ. "ಮೊನ್ನೆ ಮೊನ್ನೆ" ಅಂದರೆ ಅವರಿಗೇನು ಗೊತ್ತಾಗಬೇಕು?

ಹೆಚ್ಚಿನವರು ಗೆಲ್ಲುತ್ತಾರೆ. ಆದರೆ ಕೆಲವರಿಗೆ ಜ್ವರ ಬಿಟ್ಟು ಒಂದೆರಡು ವಾರಕ್ಕೆ ಮತ್ತೆ ಬರುತ್ತದೆ, ಈ ಸಲ ತಲೆನೋವು, ನಡುಕ, ಕತ್ತು ಬಿಗಿತದ ಜೊತೆ. ನೂರರಲ್ಲಿ ಮೂರರಿಂದ ಐದು ಜನ ಸಾಯುತ್ತಾರೆ. ವೈರಸ್ ಕೊಲ್ಲುವ ಔಷಧ ಇಲ್ಲ. ದ್ರವ ಕೊಟ್ಟು, ರಕ್ತಸ್ರಾವ ನೋಡಿಕೊಂಡು, ಮೈ ಗೆಲ್ಲುವ ತನಕ ಕಾಯಬೇಕು. ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗಬೇಡಿ, ಕೆಲವು ಮಾತ್ರೆಗಳಿಂದ ರಕ್ತಸ್ರಾವ ಜಾಸ್ತಿ ಆಗಬಹುದು.

ಲಸಿಕೆ ಬಗ್ಗೆ ಕೇಳೇ ಕೇಳ್ತೀರಿ. ಒಮ್ಮೆ ಮೋಸ ಹೋದ ಅಡಿಕೆ ಮಂಡಿಯವನು ಆ ಮುಖವನ್ನು ದೂರದಿಂದಲೇ ಗುರುತಿಸುವ ಹಾಗೆ, ಲಸಿಕೆ ಮೈಗೆ ಶತ್ರುವಿನ ಗುರುತು ಕಲಿಸುತ್ತದೆ. ಹಳೇ ಲಸಿಕೆಯಲ್ಲಿ ಆ ನೆನಪು ಬೇಗ ಮಸುಕಾಗುತ್ತಿತ್ತು. ತಿಂಗಳ ಅಂತರದಲ್ಲಿ ಎರಡು ಡೋಸ್, ಆಮೇಲೆ ಬೂಸ್ಟರ್ ಮೇಲೆ ಬೂಸ್ಟರ್. ರಕ್ಷಣೆ ಸಾಲದು ಅಂತ ನಿಲ್ಲಿಸಿದರು. ಹೊಸದರ ಕೆಲಸ ನಡೆದಿದೆ.

ಅಧ್ಯಕ್ಷರು ಗಡಿಯಾರ ತೋರಿಸ್ತಾ ಇದ್ದಾರೆ. ಮಂಗದ ಬಗ್ಗೆ ಇನ್ನೂ ಅರ್ಧ ಗಂಟೆ ಮಾತಿತ್ತು, ಬಿಟ್ಟೆ. ಉಳಿದದ್ದು ಬೇಗ ಹೇಳ್ತೀನಿ: ಬೆಟ್ಟಕ್ಕೆ ಹೋಗುವ ಮುಂಚೆ ಉಣುಗು ಹತ್ತದಂತೆ ಆರೋಗ್ಯ ಕೇಂದ್ರದವರು ಕೊಡುವ ಎಣ್ಣೆ ಹಚ್ಚಿ, ಮೈತುಂಬ ಬಟ್ಟೆ ಹಾಕಿ. ಬಂದ ಕೂಡಲೇ ಬಿಸಿನೀರು ಸ್ನಾನ, ಬಟ್ಟೆ ಬಿಸಿನೀರಿಗೆ. ದನದ ಮೈ ನೋಡಿ. ಮನುಷ್ಯರಿಂದ ಮನುಷ್ಯರಿಗೆ ಇದು ಹರಡುವುದಿಲ್ಲ, ಆದ್ದರಿಂದ ಕಾಯಿಲೆಯವರ ಮನೆಗೆ ಹೋಗಿ ಗಂಜಿ ಕೊಟ್ಟು ಬನ್ನಿ. ಸತ್ತ ಮಂಗ ಕಂಡರೆ ಮುಟ್ಟಬೇಡಿ, ಹತ್ತಿರವೂ ಹೋಗಬೇಡಿ, ಆಶಾ ಕಾರ್ಯಕರ್ತೆಗೋ ಅರಣ್ಯ ಇಲಾಖೆಗೋ ಅವತ್ತೇ ಫೋನ್ ಮಾಡಿ. ಹಿಂದೆ ಕೂತವರು ಕೈ ಎತ್ತಿದ್ದೀರಿ, ಕೇಳಿ.