ಒಂದೇ ಮಣ್ಣು, ಒಂದೇ ನೀರು: ಆರ್ಸೆನಿಕ್ ಭತ್ತಕ್ಕೇ ಯಾಕೆ ಹೆಚ್ಚು ಸೇರುತ್ತೆ?

ನಮಸ್ಕಾರ. ಅಕ್ಕಿಯಲ್ಲಿ ಆರ್ಸೆನಿಕ್ ಇದೆ ಅನ್ನೋ ಸುದ್ದಿ ಬಂದಾಗಲೆಲ್ಲ ನನ್ನ ತಲೆ ಕೊರೆಯೋ ಪ್ರಶ್ನೆ ಒಂದೇ. ಗೋಧಿ, ಬಾರ್ಲಿಗಿಂತ ಭತ್ತದ ಕಾಳಿನಲ್ಲಿ ಸುಮಾರು ಹತ್ತು ಪಟ್ಟು ಆರ್ಸೆನಿಕ್ ಸೇರಬಹುದು. ಯಾಕೆ ಭತ್ತವೇ?

ಮೊದಲು, ಇದು ಬರೋದು ಎಲ್ಲಿಂದ? ಕಾರ್ಖಾನೆಯಿಂದಲೇ ಬರಬೇಕಿಲ್ಲ. ಹಿಮಾಲಯದಿಂದ ಗಂಗಾ, ಬ್ರಹ್ಮಪುತ್ರ ಹೊತ್ತು ತಂದ ಹೂಳಿನಲ್ಲೇ ಅದಿದೆ, ಕಬ್ಬಿಣದ ತುಕ್ಕಿಗೆ ಅಂಟಿಕೊಂಡು. ನೆಲದಡಿ ಆಮ್ಲಜನಕ ಇಲ್ಲದ ಕಡೆ ಬ್ಯಾಕ್ಟೀರಿಯಾಗಳು ಆ ತುಕ್ಕನ್ನು ಕರಗಿಸುತ್ತವೆ, ಆರ್ಸೆನಿಕ್ ನೀರಿಗಿಳಿಯುತ್ತೆ. ಬಾಂಗ್ಲಾದೇಶದಲ್ಲಿ ಕೆರೆನೀರಿನ ರೋಗಗಳಿಂದ ಜನ ಬದುಕಲಿ ಅಂತಲೇ ಲಕ್ಷಾಂತರ ಕೊಳವೆಬಾವಿ ಕೊರೆದರು. ಬಂದದ್ದು ಈ ನೀರು. ಪಶ್ಚಿಮ ಬಂಗಾಳದಲ್ಲಿ 1983ರಲ್ಲಿ ಕೋಲ್ಕತ್ತದ ಚರ್ಮವೈದ್ಯ ಕೆ.ಸಿ. ಸಹಾ ರೋಗಿಗಳ ಮೈಮೇಲಿನ ಕಲೆ ನೋಡಿ ಇದನ್ನು ಗುರುತಿಸಿದರು.

ಕುಡಿಯೋ ನೀರಿನ ಬಗ್ಗೆ ಸಾಕಷ್ಟು ಚರ್ಚೆ ಆಗಿದೆ. ಗದ್ದೆಗೆ ಹರಿಯೋ ನೀರಿನ ಬಗ್ಗೆ ಆಗಿಲ್ಲ, ಅದೇ ನನಗೆ ಸಂಕಟ. ಲೆಕ್ಕ ಹಾಕೋಣ.

(ಪರದೆ ಮೇಲೆ ಲೆಕ್ಕ)

ಬೇಸಿಗೆಯ ಬೋರೋ ಭತ್ತಕ್ಕೆ ಸುಮಾರು ಒಂದು ಮೀಟರ್ ನೀರು ಬೇಕು ಅಂದುಕೊಳ್ಳಿ. ಹೆಕ್ಟೇರಿಗೆ 1 ಕೋಟಿ ಲೀಟರ್. ಲೀಟರಿಗೆ 100 ಮೈಕ್ರೋಗ್ರಾಂ ಆರ್ಸೆನಿಕ್ ಇದ್ದರೆ, ಒಂದೇ ಬೆಳೆಗೆ ಪೂರಾ 1 ಕಿಲೋ ಗದ್ದೆಗೆ ಬಿತ್ತು! ಮಳೆಗಾಲದ ಪ್ರವಾಹ ಸ್ವಲ್ಪ ತೊಳೆದೊಯ್ಯುತ್ತೆ, ಪೂರ್ತಿ ಅಲ್ಲ. ಪಂಪಿನ ನೀರು ಬಂದು ಬೀಳೋ ಮೂಲೆಯ ಮಣ್ಣು ಕೆಂಪು ತುಕ್ಕಿನ ಬಣ್ಣಕ್ಕೆ ತಿರುಗಿರುತ್ತೆ. ಗಾಳಿ ತಾಗಿದೊಡನೆ ನೀರಿನ ಕಬ್ಬಿಣ ತುಕ್ಕಾಗಿ, ಆರ್ಸೆನಿಕ್ಕನ್ನೂ ಹಿಡಿದುಕೊಂಡು ಅಲ್ಲೇ ತಳ ಸೇರುತ್ತೆ. ಹಾಗಾಗಿ ನೀರಿನ ಬಾಯಿಯ ಹತ್ತಿರ ಹೆಚ್ಚು, ದೂರ ಹೋದಂತೆ ಕಡಿಮೆ.

ಈಗ ನನ್ನ ಇಷ್ಟದ ಭಾಗ. ನೀರು ನಿಂತ ಗದ್ದೆಯಲ್ಲಿ ಆ ತುಕ್ಕು ಮತ್ತೆ ಕರಗುತ್ತೆ, ಆರ್ಸೆನಿಕ್ ಆರ್ಸೆನೈಟ್ ರೂಪಕ್ಕೆ ಬರುತ್ತೆ. ಗೋಧಿ ಹೊಲದಲ್ಲಿ ನೀರು ನಿಲ್ಲೋದಿಲ್ಲ, ಅಲ್ಲೇ ಅರ್ಧ ಉತ್ತರ ಸಿಕ್ಕಿತು. ಉಳಿದರ್ಧ ಭತ್ತದ ಹಸಿವಿನಲ್ಲಿದೆ. ಭತ್ತಕ್ಕೆ ಸಿಲಿಕಾನ್ ವಿಪರೀತ ಬೇಕು. ಎಲೆಯ ಅಂಚು ಬೆರಳಿಗೆ ಗರಗಸದ ಹಾಗೆ ತಾಗೋದು, ಹೊಟ್ಟು ಅಷ್ಟು ಒರಟಾಗಿರೋದು, ಪೈರು ಸೆಟೆದು ನಿಲ್ಲೋದು, ಎಲ್ಲ ಅದರಿಂದಲೇ. ಅದನ್ನು ಒಳಗೆ ಎಳೆದುಕೊಳ್ಳೋಕೆ ಬೇರಿನಲ್ಲಿ ಎಲ್‌ಎಸ್‌ಐ1, ಎಲ್‌ಎಸ್‌ಐ2 ಅನ್ನೋ ಎರಡು ಪ್ರೋಟೀನ್ ಬಾಗಿಲುಗಳಿವೆ. ಆ ಬಾಗಿಲಿನ ಕಾವಲುಗಾರ ಮುಖ ನೋಡೋದಿಲ್ಲ, ಮೈಕಟ್ಟು ಅಳೆದು ಒಳಗೆ ಬಿಡ್ತಾನೆ. ಮಣ್ಣಿನ ನೀರಿನಲ್ಲಿ ಸಿಲಿಕಾನ್ ಇರೋದು ಸಿಲಿಸಿಕ್ ಆಮ್ಲದ ರೂಪದಲ್ಲಿ; ಅದಕ್ಕೂ ಆರ್ಸೆನೈಟಿಗೂ ವಿದ್ಯುದಾವೇಶ ಇಲ್ಲ, ಗಾತ್ರವೂ ಹೆಚ್ಚುಕಮ್ಮಿ ಒಂದೇ. ವಿಷ ರಾಜಾರೋಷವಾಗಿ ಒಳಗೆ ಬಂತು! ಜಪಾನಿನ ಜಿಯಾನ್ ಫೆಂಗ್ ಮಾ ಮತ್ತು ಸಂಗಡಿಗರು 2008ರಲ್ಲಿ ಇದನ್ನು ತೋರಿಸಿದರು.

ಬಾಗಿಲನ್ನೇ ಮುಚ್ಚಿದರೆ? ಸಿಲಿಕಾನ್ ಸಿಗದ ಪೈರು ಬಾಗಿ ಬೀಳುತ್ತೆ, ಬೆಂಕಿರೋಗಕ್ಕೆ ತುತ್ತಾಗುತ್ತೆ, ಇಳುವರಿ ಕುಸಿಯುತ್ತೆ. ಆದರೆ ಬಾಗಿಲಲ್ಲಿ ನೂಕುನುಗ್ಗಲು ಮಾಡಬಹುದು. ಗದ್ದೆಗೆ ಸಿಲಿಕಾನ್ ಹೆಚ್ಚು ಕೊಟ್ಟರೆ ಆರ್ಸೆನೈಟಿಗೆ ಜಾಗ ಕಡಿಮೆ. ಆ ಸಿಲಿಕಾನ್ ಎಲ್ಲಿದೆ? ನಾವು ಗಿರಣಿಯಲ್ಲಿ ಬೇರೆ ಮಾಡಿ ಎಸೆಯೋ, ಸುಡೋ ಹೊಟ್ಟಿನಲ್ಲೇ! ಹೊಟ್ಟನ್ನು ಮಣ್ಣಿಗೆ ವಾಪಸ್ ಕೊಡೋ ಪ್ರಯೋಗಗಳು ನನಗಂತೂ ತುಂಬ ಭರವಸೆ ಕೊಟ್ಟಿವೆ.

ಸಮಯ ಮುಗೀತಾ ಬಂತು, ಉಳಿದದ್ದು ಬೇಗ ಹೇಳ್ತೀನಿ. ಪಾಲಿಶ್ ಅಕ್ಕಿಯಲ್ಲಿ ಅಜೈವಿಕ ಆರ್ಸೆನಿಕ್, ಅಂದರೆ ಆರ್ಸೆನಿಕ್ಕಿನ ಹೆಚ್ಚು ವಿಷಕಾರಿ ರೂಪ, ಕಿಲೋಗೆ 0.2 ಮಿಲಿಗ್ರಾಂ ಮೀರಬಾರದು ಅಂತ ಅಂತರರಾಷ್ಟ್ರೀಯ ಆಹಾರ ಮಾನದಂಡ ರೂಪಿಸೋ ಕೋಡೆಕ್ಸ್ ಸಂಸ್ಥೆ 2014ರಲ್ಲಿ ಮಿತಿ ಹಾಕಿತು. ತವುಡಿನಲ್ಲಿ ಆರ್ಸೆನಿಕ್ ಹೆಚ್ಚು, ಆದ್ದರಿಂದ ಪಾಲಿಶ್ ಮಾಡದ ಅಕ್ಕಿಯಲ್ಲೂ ಹೆಚ್ಚು. ಜಾಸ್ತಿ ನೀರಿಟ್ಟು ಬೇಯಿಸಿ ಗಂಜಿ ಬಸಿದರೆ ಗಣನೀಯವಾಗಿ ಇಳಿಯುತ್ತೆ, ಅಡುಗೆ ನೀರು ಶುದ್ಧವಾಗಿದ್ದರೆ ಮಾತ್ರ. ಗದ್ದೆಯಲ್ಲಿ ನೀರು ಕಟ್ಟಿ, ಆರಲು ಬಿಟ್ಟು, ಮತ್ತೆ ಕಟ್ಟೋ ಪದ್ಧತಿಯೂ ಒಳ್ಳೆಯದು, ನೀರೂ ಉಳಿಯುತ್ತೆ. ಒಂದು ಎಚ್ಚರ: ಮಣ್ಣು ಒಣಗಿದಾಗ ಕ್ಯಾಡ್ಮಿಯಂ ಅನ್ನೋ ಇನ್ನೊಂದು ವಿಷಲೋಹ ಬೇರಿಗೆ ಸುಲಭವಾಗಿ ಸಿಗುತ್ತೆ. ಅದಕ್ಕೇ ಈ ಪದ್ಧತಿ ಹೇಳಿಕೊಡೋ ಮೊದಲು ಮಣ್ಣಿನ ಪರೀಕ್ಷೆ ಆಗಲೇಬೇಕು, ಅದರ ಖರ್ಚು ರೈತನ ತಲೆಗೆ ಕಟ್ಟಬಾರದು.