ಅಪ್ಪನ ಟ್ರಂಕಲ್ಲಿದ್ದ ಸೀನಿಯಾರಿಟಿ ಲಿಸ್ಟು

ಎಲ್ಲ ಕೇಳುಗರಿಗೂ ನಮಸ್ಕಾರ.

ನಮ್ಮನೆ ಅಟ್ಟದ ಮೇಲೆ ಒಂದು ತಗಡಿನ ಟ್ರಂಕ್ ಇದೆ, ನಮ್ಮಪ್ಪಂದು. ಅಪ್ಪ ಹೋದ ಮೇಲೆ ಅದನ್ನ ಇಳಿಸಿ ನೋಡಿದಾಗ ಒಂದು ಕರಿ ಕೋಟು, ಒಂದು ಟೊಪಗಿ, ಪೆನ್ಷನ್ ಕಾಗದ, ಎಲ್ಲದರ ಅಡಿಗೆ ಸೈಕ್ಲೋಸ್ಟೈಲ್ ಮಾಡಿದ ಹಾಳೆಗಳದೊಂದು ಕಟ್ಟು ಸಿಕ್ತು, ಹಸಿರು ಟ್ಯಾಗ್ ಹಾಕಿದ್ದು. ಅಂಚೆಲ್ಲ ಹುಳ ತಿಂದು ಪುಡಿಪುಡಿ. ಅದು ಸೀನಿಯಾರಿಟಿ ಲಿಸ್ಟು, ಅಂದ್ರೆ ಬಡ್ತಿಗೆ ಯಾರ ಹಿಂದೆ ಯಾರು ಅಂತ ನೌಕರರನ್ನ ಸಾಲಾಗಿ ಬರೆದ ಪಟ್ಟಿ. ಮಧ್ಯದ ಒಂದು ಹಾಳೆಯಲ್ಲಿ ಅಪ್ಪನ ಹೆಸರಿನ ಕೆಳಗೆ ಕೆಂಪು ಪೆನ್ಸಿಲಿನ ಗೆರೆ, ಪಕ್ಕದಲ್ಲಿ ಅಪ್ಪನ ಅಕ್ಷರದಲ್ಲೇ "ತಾರೀಖು ತಪ್ಪು" ಅಂತ ಎರಡೇ ಪದ. ಆ ಎರಡು ಪದದ ಹಿಂದೆ ಇಪ್ಪತ್ತು ವರ್ಷದ ಕಥೆ ಇದೆ, ಇವತ್ತು ಅದನ್ನೇ ಹೇಳ್ತೀನಿ, ಯಾಕಂದ್ರೆ ಈಗಲೂ ಇಲಾಖೆ ಇಲಾಖೆ ಸೇರಿಸಿದಾಗೆಲ್ಲ, ನಿಗಮ ನಿಗಮ ವಿಲೀನ ಆದಾಗೆಲ್ಲ ಇದೇ ಕಥೆ ಮತ್ತೆ ಶುರುವಾಗುತ್ತೆ.

ಅಪ್ಪ ಧಾರವಾಡ ಜಿಲ್ಲೆಯಲ್ಲಿ ಮುಂಬಯಿ ಸರ್ಕಾರದ ಕಾಲದಲ್ಲಿ ಕಾರಕೂನ, ಅಂದ್ರೆ ಗುಮಾಸ್ತ ಆಗಿ ನೌಕರಿಗೆ ಸೇರಿದವರು, ರೆವಿನ್ಯೂ ಕಡೆ. 1956 ಅಕ್ಟೋಬರ್ 31ರ ಸಂಜೆ ಕಚೇರಿ ಮುಚ್ಚಿದಾಗ ಅವರು ಮುಂಬಯಿ ಸರ್ಕಾರದ ನೌಕರ, ನವೆಂಬರ್ 1ರ ಬೆಳಿಗ್ಗೆಯಿಂದ ಮೈಸೂರು ಸರ್ಕಾರದ ನೌಕರ. ಅದೇ ಟೇಬಲ್ಲು, ಅದೇ ರುಮಾಲು ಸುತ್ತಿದ ದಫ್ತರ. ರಾಜ್ಯ ಒಂದಾಯ್ತು ಅಂತ ಊರೆಲ್ಲ ಹಬ್ಬ, ಅಪ್ಪನೂ ಮೆರವಣಿಗೇಲಿ ಹೋಗಿದ್ರಂತೆ, ಆ ಖುಷಿ ಅವರಿಗೆ ಕಡೇವರೆಗೂ ಇತ್ತು, ಅದರಲ್ಲಿ ಎರಡು ಮಾತಿಲ್ಲ.

ಆದ್ರೆ ಹೊಸ ರಾಜ್ಯದ 19 ಜಿಲ್ಲೆಗೆ ನೌಕರರು ಬಂದಿದ್ದು ಐದು ಕಡೆಯಿಂದ. ಹಳೇ ಮೈಸೂರು, ಮುಂಬಯಿ ಪ್ರಾಂತದ ನಾಲ್ಕು ಜಿಲ್ಲೆ, ಹೈದರಾಬಾದಿನ ಮೂರು ಜಿಲ್ಲೆ, ಮದ್ರಾಸಿನಿಂದ ದಕ್ಷಿಣ ಕನ್ನಡ ಮತ್ತೆ ಕೊಳ್ಳೇಗಾಲ, ಆಮೇಲೆ ಕೊಡಗು. ಒಂದೊಂದು ಕಡೆ ಒಂದೊಂದು ಪದ್ಧತಿ. ತಾಲೂಕಿನ ಯಜಮಾನನಿಗೆ ಮೈಸೂರಲ್ಲಿ ಅಮಲ್ದಾರ್ ಅಂತಿದ್ರು, ನಮ್ಮ ಕಡೆ ಮಾಮಲೇದಾರ, ಮಂಗಳೂರು ಮತ್ತೆ ಕಲಬುರಗಿ ಕಡೆ ತಹಶೀಲ್ದಾರ್, ಕೊಡಗಲ್ಲಿ ಸುಬೇದಾರ್. ಕೆಳಗೆ ಬಂದ್ರೆ ಶೇಕ್‌ದಾರ್, ಸರ್ಕಲ್ ಇನ್ಸ್‌ಪೆಕ್ಟರ್, ಗಿರ್ದಾವರ್, ಪಾರುಪತ್ತೆಗಾರ. ಹೆಸರು ಬೇರೆ ಅಂದ್ರೆ ಸುಧಾರಿಸ್ಕೋಬಹುದು, ಸಂಬಳ ಬೇರೆ, ಪರೀಕ್ಷೆ ಬೇರೆ, ಎಷ್ಟು ವರ್ಷಕ್ಕೆ ಬಡ್ತಿ ಅನ್ನೋದೂ ಬೇರೆ. ಇವರನ್ನೆಲ್ಲ ಒಂದೇ ಸಾಲಲ್ಲಿ ನಿಲ್ಲಿಸಬೇಕು, ಯಾರ ಹಿಂದೆ ಯಾರು?

ಇದಕ್ಕೆ ನಿಯಮ ಇರಲಿಲ್ಲ ಅಂತಲ್ಲ. ರಾಜ್ಯ ಪುನರ್ವಿಂಗಡಣಾ ಕಾಯ್ದೆಯ 115ನೇ ಸೆಕ್ಷನ್ ಇತ್ತು, ನ್ಯಾಯವಾಗಿ ಸಮಾನವಾಗಿ ನಡೆಸ್ಕೋಬೇಕು ಅಂತ ಅದರಲ್ಲಿದೆ, ಕೇಂದ್ರ ಸರ್ಕಾರಕ್ಕೆ ಆ ಜವಾಬ್ದಾರಿ ಕೊಟ್ಟಿದ್ರು. 1956ರ ಮೇ ತಿಂಗಳಲ್ಲೇ ಮುಖ್ಯ ಕಾರ್ಯದರ್ಶಿಗಳೆಲ್ಲ ಸೇರಿ ಯಾವ ಹುದ್ದೆ ಯಾವುದಕ್ಕೆ ಸಮ ಅಂತ ತೂಗೋಕೆ ನಾಲ್ಕು ಅಂಶ ಗೊತ್ತು ಮಾಡಿದ್ರು: ಕೆಲಸ ಎಂಥದ್ದು, ಅಧಿಕಾರ ಜವಾಬ್ದಾರಿ ಎಷ್ಟು, ಸೇರೋಕೆ ಬೇಕಾದ ವಿದ್ಯಾರ್ಹತೆ ಏನು, ಸಂಬಳ ಎಷ್ಟು. ಹುದ್ದೆ ಸಮ ಅಂತ ಆದ ಮೇಲೆ, ಆ ಹುದ್ದೇಲಿ ಯಾರು ಹೆಚ್ಚು ದಿನದಿಂದ ಬಿಡದೆ ಕೆಲಸ ಮಾಡ್ತಿದಾರೋ ಅವರು ಸೀನಿಯರ್. ತಾತ್ಕಾಲಿಕ ಸೇವೆನೂ ಲೆಕ್ಕಕ್ಕೆ ಉಂಟು, ಆದ್ರೆ ಸ್ಟಾಪ್ ಗ್ಯಾಪ್ ಆಗಿ, ಬರೀ ಜಾಗ ತುಂಬೋಕೆ ಕೂರಿಸಿದ್ದು ಲೆಕ್ಕಕ್ಕಿಲ್ಲ. ನಾನು ಆಮೇಲೆ ನೌಕರರ ಸೇವಾ ವಿಷಯ ನೋಡೋ ಎಸ್ಟಾಬ್ಲಿಷ್‌ಮೆಂಟ್ ಸೆಕ್ಷನ್ನಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಕೆಲಸ ಮಾಡಿದವನು, ಇವತ್ತಿಗೂ ಹೇಳ್ತೀನಿ, ಇದು ಒಳ್ಳೇ ನಿಯಮವೇ.

ಆದ್ರೆ ಆ ಸ್ಟಾಪ್ ಗ್ಯಾಪ್ ಅನ್ನೋ ಎರಡು ಪದದಲ್ಲೇ ನಮ್ಮಪ್ಪ ಸಿಕ್ಕಾಕ್ಕೊಂಡಿದ್ದು. ಕಾರಕೂನನ ಮೇಲಿನದು ಅವ್ವಲ ಕಾರಕೂನ ಹುದ್ದೆ. ಅಪ್ಪನ್ನ 1953ರ ಜೂನಲ್ಲಿ ಅವ್ವಲ ಕಾರಕೂನ ಅಂತ ಆಕ್ಟಿಂಗ್ ಹಾಕಿದ್ರು, ಮೂಲ ಹುದ್ದೆಯವರು ಬೇರೆ ಕಡೆ ಹೋಗಿದ್ರಿಂದ. ಎರಡು ವರ್ಷದ ಮೇಲೆ ಆ ಪುಣ್ಯಾತ್ಮರು ವಾಪಸ್ ಬಂದು ಹನ್ನೊಂದು ದಿನ ಕೂತು ಮತ್ತೆ ಹೋದ್ರು, ಆ ಹನ್ನೊಂದು ದಿನ ಅಪ್ಪ ಹಳೇ ಕಾರಕೂನ ಹುದ್ದೆಗೆ ಬಂದು ಆಮೇಲೆ ಮತ್ತೆ ಮೇಲಕ್ಕೆ ಹೋದ್ರು, ಟೇಬಲ್ಲು ಕೂಡ ಬದಲಾಗಲಿಲ್ಲ, ಆ ಸಲ ಸಂಬಳ ಎರಡೂವರೆ ರೂಪಾಯಿ ಕಮ್ಮಿ ಬಂದಿದ್ದು ಬಿಟ್ರೆ ಯಾರಿಗೂ ಅದರ ನೆನಪೇ ಇರಲಿಲ್ಲ. ಲಿಸ್ಟ್ ಮಾಡಿದವರು ಸರ್ವಿಸ್ ಪುಸ್ತಕದಲ್ಲಿ ಆ ಒಂದು ಗೆರೆ ನೋಡಿದ್ರು. ಮೊದಲಿನ ಎರಡು ವರ್ಷ ಸ್ಟಾಪ್ ಗ್ಯಾಪ್, ಸೇವೆ ಶುರು ಆಗೋದು 1955ರ ಸೆಪ್ಟೆಂಬರಿಂದ ಅಂತ ಬರೆದ್ರು. ಅಪ್ಪ ನೂರಕ್ಕೂ ಹೆಚ್ಚು ನಂಬರು ಕೆಳಗೆ ಹೋದ್ರು.

ಆಕ್ಷೇಪಣೆ ಕೊಟ್ಟೇ ಕೊಟ್ರು. ರಾತ್ರಿ ಕಂದೀಲು ಇಟ್ಕೊಂಡು ಕೂತು ಬರೆದಿದ್ದು ನಮ್ಮವ್ವ ಹೇಳ್ತಿದ್ಲು. ಟಪಾಲಿನಲ್ಲಿ ಕೊಡದೆ ಕೈಯ್ಯಾರೆ ತಗೊಂಡು ಹೋಗಿ ಪರಿಚಯದ ಗುಮಾಸ್ತರ ಕೈಲಿ ಕೊಟ್ಟು ಬಂದ್ರು. ವರ್ಷಗಳಾದ ಮೇಲೆ ಮುಂದಿನ ಲಿಸ್ಟ್ ಬಂದಾಗ ಅದೇ ತಪ್ಪು ತಾರೀಖು. ಯಾಕೆ ಅಂತ ಕೇಳಿದ್ರೆ ನಿಮ್ಮಿಂದ ಆಕ್ಷೇಪಣೆ ಬಂದೇ ಇಲ್ಲವಲ್ಲ ಅಂದ್ರಂತೆ. ಬಂದ ಕಾಗದ ದಾಖಲಿಸೋ ಇನ್ವರ್ಡ್ ರಿಜಿಸ್ಟರಲ್ಲಿ ಎಂಟ್ರಿ ಇಲ್ಲ, ಅಪ್ಪನ ಹತ್ರ ಇರೋ ನಕಲಿನ ಮೇಲೆ ಸೀಲೂ ಇಲ್ಲ. ಸುಳ್ಳು ಹೇಳಿದವರು ಯಾರೂ ಇಲ್ಲ ಅಲ್ಲಿ, ಆ ಗುಮಾಸ್ತರು ಅಷ್ಟೊತ್ತಿಗೆ ವರ್ಗ ಆಗಿ ಹೋಗಿದ್ರು.

ಲಿಸ್ಟು ಯಾಕೆ ಅಷ್ಟು ವರ್ಷ ಎಳೀತು ಅಂದ್ರೆ, ಮೊದಲು ಪ್ರಾವಿಷನಲ್, ಅಂದ್ರೆ ತಾತ್ಕಾಲಿಕ ಲಿಸ್ಟು, ಅದಕ್ಕೆ ಆಕ್ಷೇಪಣೆ, ರಾಜ್ಯದಲ್ಲಿ ಒಂದು ಸಲಹಾ ಸಮಿತಿ, ದಿಲ್ಲಿಗೆ ಫೈಲು, ಅಲ್ಲಿಂದ ವಾಪಸ್, ನಡುವೆ ಹೈಕೋರ್ಟಲ್ಲಿ ರಿಟ್ಟು, ಲಿಸ್ಟ್ ರದ್ದು, ಮತ್ತೆ ಮೊದಲಿಂದ. ಅಷ್ಟರಲ್ಲಿ ಕಚೇರಿ ಕೆಲಸ ನಿಲ್ಲೋ ಹಾಗಿಲ್ಲವಲ್ಲ, ಅದಕ್ಕೆ ಪ್ರಾವಿಷನಲ್ ಲಿಸ್ಟಿನ ಮೇಲೇ ಬಡ್ತಿ ಕೊಡ್ತಾ ಹೋದ್ರು, ಆರ್ಡರಿನ ಕೊನೇಲಿ ಅಂತಿಮ ಪಟ್ಟಿಗೆ ಒಳಪಟ್ಟು ಅಂತ ಒಂದು ಸಾಲು ಸೇರಿಸಿ. ಆ ಒಂದು ಸಾಲು ಎಷ್ಟು ಮನೆ ನಿದ್ದೆ ಕೆಡಿಸಿದೆ ಅಂತ ನಾನು ಕಣ್ಣಾರೆ ಕಂಡಿದೀನಿ. ಬಡ್ತಿ ಸಿಕ್ಕವನಿಗೆ ನಾಳೆ ಕೆಳಗಿಳಿಸ್ತಾರೆ ಅನ್ನೋ ಭಯ, ಸಿಗದವನಿಗೆ ಅದು ನಂದು ಅನ್ನೋ ಸಂಕಟ. ಇಬ್ಬರೂ ಒಂದೇ ರೂಮಲ್ಲಿ.

ಅಪ್ಪನ ಮೇಲಿನ ನಂಬರಿನವರು ತುಮಕೂರು ಕಡೆಯವರು, ಧಾರವಾಡಕ್ಕೆ ವರ್ಗ ಆಗಿ ಬಂದಿದ್ರು, ಅಪ್ಪನಿಗಿಂತ ಆರು ವರ್ಷ ಚಿಕ್ಕವರು. ಬಂದ ಹೊಸದರಲ್ಲಿ ಅವರಿಗೆ ಮನೆ ಹುಡುಕಿ ಕೊಟ್ಟಿದ್ದು ಅಪ್ಪನೇ, ಜೋಳದ ರೊಟ್ಟಿ ರೂಢಿ ಮಾಡಿಸಿದ್ದು ನಮ್ಮವ್ವ. ಅವರಿಗೆ ಬಡ್ತಿ ಆದ ಮೇಲೆ ಅಪ್ಪ ಅವರ ಜೊತೆ ಕಚೇರಿ ವಿಷಯ ಬಿಟ್ಟು ಬೇರೆ ಮಾತಾಡ್ಲಿಲ್ಲ, ಎರಡು ವರ್ಷ. ಒಂದಿನ ಅವರೇ ಸಂಜೆ ಮನೆಗೆ ಬಂದು ಕಟ್ಟೆ ಮೇಲೆ ಕೂತು, "ನಾನೇನ್ ಮಾಡ್ಲಿ ಹೇಳಿ ಸಾರ್, ಲಿಸ್ಟ್ ನಾನ್ ಬರೆದಿದ್ದಲ್ಲ" ಅಂದ್ರು. ಅಪ್ಪ ಬಹಳ ಹೊತ್ತು ಸುಮ್ಮನಿದ್ದು, "ನಿಮ್ದೇನ್ ತಪ್ಪಿಲ್ರೀ, ಒಳಗ ಬರ್ರಿ, ಚಾ ಕುಡಿಯೂಣು" ಅಂದ್ರು. ನಾನು ಬಾಗಿಲ ಸಂದಿಲಿ ನಿಂತಿದ್ದೆ, ಹತ್ತು ಹನ್ನೊಂದು ವಯಸ್ಸು ನನಗೆ. ಮೈಸೂರಿನವರು ನಮ್ಮವರದ್ದು ಕಸ್ಕೊಂಡ್ರು, ಮುಂಬಯಿಯವರು ಮೇಲೆ ಬಂದು ಕೂತ್ರು ಅಂತ ಆ ಕಾಲದಲ್ಲಿ ಎರಡೂ ಕಡೆ ಮಾತು ಕೇಳಿದೀನಿ, ನಾನದನ್ನ ಒಪ್ಪಲ್ಲ. ಮೂರು ತಿಂಗಳಲ್ಲಿ ಆಗಬೇಕಾದ್ದನ್ನ ಹದಿನೈದು ವರ್ಷ ಎಳೆದಿದ್ದೇ ಅವರಿಬ್ಬರನ್ನೂ ಹಾಗೆ ನಿಲ್ಲಿಸಿದ್ದು.

ಈಗ ಕಾನೂನಿನ ಒಂದು ಮಾತು ಹೇಳ್ಬೇಕು. 115ನೇ ಸೆಕ್ಷನ್ನಲ್ಲಿ ಇನ್ನೊಂದು ಭರವಸೆನೂ ಇತ್ತು, ಕೇಂದ್ರದ ಪೂರ್ವಾನುಮತಿ ಇಲ್ಲದೆ ನೌಕರನ ಸೇವಾ ಷರತ್ತನ್ನ ಅವನಿಗೆ ನಷ್ಟ ಆಗೋ ಹಾಗೆ ಬದಲಾಯಿಸಬಾರದು ಅಂತ. ಆದ್ರೆ 1957ರ ಮೇ 11ರಂದು ಕೇಂದ್ರ ಸರ್ಕಾರ ಒಂದು ಮೆಮೊ ಕಳಿಸಿ, ಇಲಾಖಾ ಬಡ್ತಿ ವಿಷಯದಲ್ಲಿ ಈ ರಕ್ಷಣೆ ಕೊಡೋದು ಸರಿಯಾಗಲ್ಲ ಅಂದುಬಿಡ್ತು. ಆಮೇಲೆ ನಮ್ಮ ರಾಜ್ಯದ್ದೇ ಸ್ಯಾನಿಟರಿ ಇನ್ಸ್‌ಪೆಕ್ಟರುಗಳ ಕೇಸು. ಜಿಲ್ಲಾವಾರು ಇದ್ದ ಸೀನಿಯಾರಿಟಿನ ರಾಜ್ಯಮಟ್ಟಕ್ಕೆ ಮಾಡಿದ್ರಿಂದ ಅವರೆಲ್ಲ ತೀರಾ ಕೆಳಗೆ ಹೋದ್ರು. 1967ರ ಜನವರಿಯಲ್ಲಿ ಸುಪ್ರೀಂ ಕೋರ್ಟು, ನ್ಯಾಯಮೂರ್ತಿ ವಾಂಛೂ ಅವರು ಬರೆದ ತೀರ್ಪಿದು, ಬಡ್ತಿಯ ಅವಕಾಶ ಅನ್ನೋದು ಸೇವಾ ಷರತ್ತಲ್ಲ ಅಂತ ಹೇಳ್ತು. ಬಡ್ತಿಗೆ ಪರಿಗಣಿಸಬೇಕು ಅನ್ನೋದು ಹಕ್ಕು, ಎಷ್ಟನೇ ನಂಬರಲ್ಲಿ ನಿಂತು ಕಾಯ್ತೀರಿ ಅನ್ನೋದು ಹಕ್ಕಲ್ಲ. ಇವತ್ತಿಗೂ ವಿಲೀನದ ಕೇಸು ಅಂದ್ರೆ ವಕೀಲರು ಮೊದಲು ತೆಗೆಯೋದು ಈ ಮಾತನ್ನೇ.

ಕೋರ್ಟಿನ ಲೆಕ್ಕ ನನಗೆ ಅರ್ಥ ಆಗುತ್ತೆ, ಎಲ್ಲರ ನಂಬರೂ ಕಾಪಾಡ್ತೀವಿ ಅಂದ್ರೆ ಯಾವ ಇಲಾಖೆನೂ ಸೇರಿಸೋಕಾಗಲ್ಲ. ಆದ್ರೆ ನಮ್ಮಪ್ಪ ಥರದ ಒಬ್ಬ ಗುಮಾಸ್ತ ಇಪ್ಪತ್ತನೇ ವಯಸ್ಸಿಗೆ ಸೇರಿ 55ಕ್ಕೆ ಹೊರಗೆ ಬರೋವರೆಗೆ ಕಣ್ಣಮುಂದೆ ಇಟ್ಕೊಂಡಿದ್ದು ಒಂದೇ, ರಿಟೈರಾಗೋ ಮುಂಚೆ ಒಂದ್ಸಲ ತಾಲೂಕಿನ ಕುರ್ಚೀಲಿ ಕೂರಬೇಕು ಅಂತ. ಆಸೆ ಅದೊಂದೇ ಆಗಿದ್ದಾಗ ಅದು ಷರತ್ತಲ್ಲ ಅಂದ್ರೆ ಅವನ ಕೈಲಿ ಉಳಿಯೋದೇನು? ಅಪ್ಪ ಆ ಕುರ್ಚೀಲಿ ಕೂರಲಿಲ್ಲ.

ಈ ಜಗಳ ಎಷ್ಟು ದೂರ ಹೋಯ್ತು ನೋಡಿ. ಲಿಸ್ಟುಗಳು ತಿದ್ದುಪಡಿ ಆದ ಮೇಲೆ ಹಿಂದಿನ ತಾರೀಖಿಂದ ಬಡ್ತಿ ಕೊಡ್ಬೇಕಾಯ್ತು, ಹಾಗಾದ್ರೆ ಅಷ್ಟು ವರ್ಷದ ಅರಿಯರ್ಸ್? ಸರ್ಕಾರ 1973ರಲ್ಲಿ ಬಡ್ತಿ, ವೇತನ, ಪಿಂಚಣಿ ನಿಯಂತ್ರಣಕ್ಕೆ ಅಂತ ಒಂದು ಕಾಯ್ದೆ ತಂತು, ಕಾಗದದ ಮೇಲೆ ಬಡ್ತಿ ಉಂಟು, ಹಿಂದಿನ ಬಾಕಿ ದುಡ್ಡಿಲ್ಲ ಅನ್ನೋದು ಅದರ ಸಾರ. ಕೋರ್ಟಲ್ಲಿ ಆಗಲೇ ಗೆದ್ದು ಬಂದವರಿಗೂ ಅದನ್ನ ಅನ್ವಯ ಮಾಡಿದ್ರು. ಹಾಗೆ ಕೈಗೆ ಬಂದ ತೀರ್ಪನ್ನ ಕಾಯ್ದೆಯಿಂದ ಅಳಿಸೋಕಾಗಲ್ಲ ಅಂತ ಸುಪ್ರೀಂ ಕೋರ್ಟು ಆ ಭಾಗಗಳನ್ನ ಹೊಡೆದುಹಾಕಿದ್ದು 1995ರಲ್ಲಿ. ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಿಟ್ಟು ಹೆಚ್ಚುಕಮ್ಮಿ 22 ವರ್ಷ ಆಗಿತ್ತು, ಆ ಕೇಸಿನ ತಲೆಬರಹದಲ್ಲಿ ಇನ್ನೂ ಮೈಸೂರು ರಾಜ್ಯ ಅಂತಲೇ ಇತ್ತು. 1956ರಲ್ಲಿ ನೌಕರಿಯಲ್ಲಿದ್ದವರು ಎಷ್ಟು ಜನ ಆ ದಿನ ಪೇಪರ್ ಓದೋಕೆ ಬದುಕಿದ್ರು?

ನಾನು ನೌಕರಿಲಿದ್ದಾಗ ನಮ್ಮ ಇಲಾಖೆಯಲ್ಲೂ ಎರಡು ವಿಂಗ್ ಸೇರಿಸಿದ್ರು. ಆರ್ಡರಲ್ಲಿ ಕಟ್ಟಡ, ಜೀಪು, ಬೀರು, ಎಲ್ಲದರ ಬಗ್ಗೆ ಪ್ಯಾರಾ ಇತ್ತು, ಸೀನಿಯಾರಿಟಿ ಬಗ್ಗೆ ಪ್ರತ್ಯೇಕವಾಗಿ ಆದೇಶಿಸಲಾಗುವುದು ಅಂತ ಒಂದು ಸಾಲು. ಅದು ಓದಿದ ತಕ್ಷಣ ನನಗೆ ಟ್ರಂಕ್ ನೆನಪಾಯ್ತು. ಆಮೇಲೆ ಗೊತ್ತಲ್ಲ, ಪಟ್ಟಿ ಆಗಲಿಲ್ಲ, ಬಡ್ತಿ ತೀರ್ಮಾನ ಮಾಡೋ ಸಮಿತಿ ಡಿಪಿಸಿ ಕೂರಲಿಲ್ಲ, ಖಾಲಿ ಹುದ್ದೆಗೆಲ್ಲ ಸೇವಾ ನಿಯಮಾವಳಿಯ 32ನೇ ನಿಯಮದಡಿ, ಬಡ್ತಿ ಕೊಡದೆ ಇನ್‌ಚಾರ್ಜ್ ಹಾಕಿದ್ರು, ಒಬ್ಬರು ಹಾಗೆ ಇನ್‌ಚಾರ್ಜಲ್ಲೇ ರಿಟೈರಾದ್ರು, ಪೆನ್ಷನ್ ಲೆಕ್ಕ ಹಾಕಿದ್ದು ಕೆಳಗಿನ ಹುದ್ದೆ ಸಂಬಳದ ಮೇಲೆ. ಆ ಫೈಲಿಗೆ ನೋಟ್ ಬರೆದವನು ನಾನೇ, ಕೈ ನಡುಗ್ತಿತ್ತು.

ಬ್ಯಾಂಕುಗಳ ವಿಷಯದಲ್ಲೂ ಇದೇ ಪ್ರಶ್ನೆ. 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು, 2019ರಲ್ಲಿ ವಿಜಯಾ, 2020ರಲ್ಲಿ ಸಿಂಡಿಕೇಟ್ ಮತ್ತೆ ಕಾರ್ಪೊರೇಷನ್ ಬ್ಯಾಂಕ್, ನಮ್ಮ ನೆಲದಲ್ಲಿ ಹುಟ್ಟಿದ ಈ ನಾಲ್ಕೂ ಬೇರೆ ಹೆಸರಿನೊಳಗೆ ಸೇರಿಹೋದ್ವು. ವಿಲೀನ ಅಂದಾಗ ಸಂಬಳ ಭತ್ಯೆ ಕಮ್ಮಿ ಆಗಬಾರದು ಅನ್ನೋದನ್ನ ಬರೆದಿಡ್ತಾರೆ, ಸರಿ. ಅಧಿಕಾರಿಗಳ ದರ್ಜೆಯಲ್ಲಿ ಸ್ಕೇಲ್ ಎರಡರಿಂದ ಮೂರಕ್ಕೆ ಹೋಗೋ ಸಾಲಲ್ಲಿ ನಾನು ಎಲ್ಲಿ ನಿಂತಿದೀನಿ ಅಂತ ಒಬ್ಬ ಮ್ಯಾನೇಜರ್ ಕೇಳಿದ್ರೆ ಅದಕ್ಕೂ ಅಷ್ಟೇ ಸ್ಪಷ್ಟವಾಗಿ ಉತ್ತರ ಸಿಗಬೇಕು ಅಲ್ವಾ?

ನಾನು ಕೇಳೋದು ದೊಡ್ಡದೇನಲ್ಲ. ವಿಲೀನದ ಆರ್ಡರ್ ಯಾವ ದಿನ ಬರುತ್ತೋ ಅದೇ ದಿನ ಸಮಾನ ಹುದ್ದೆಗಳ ಪಟ್ಟಿ ಜೊತೆಗಿರಲಿ. ಪ್ರತಿಯೊಬ್ಬನ ಸರ್ವಿಸ್ ರಿಜಿಸ್ಟರ್ ಅವನ ಎದುರಿಗೇ ತೆಗೆದು ತಾರೀಖು ಓದಿ ಸಹಿ ಹಾಕಿಸ್ಕೊಳ್ಳಲಿ, ಆ ಹನ್ನೊಂದು ದಿನದಂಥ ಗೆರೆ ಇದ್ರೆ ಅಲ್ಲೇ ಬಗೆಹರಿಯಲಿ, ಅವತ್ತಿಗೆ ಅದನ್ನ ಬಲ್ಲ ಮೇಲಧಿಕಾರಿ ಇನ್ನೂ ಅಲ್ಲೇ ಇರ್ತಾರೆ. ಅಂತಿಮ ಪಟ್ಟಿಗೆ ಒಂದು ದಿನಾಂಕ ಬರೆದಿರಲಿ, ಆ ದಿನಾಂಕ ದಾಟಿದ್ರೆ ಯಾರು ಹೊಣೆ ಅಂತಲೂ ಬರೆದಿರಲಿ.

ಇನ್ನು ನೌಕರಿಲಿರೋ ನನ್ನ ತಮ್ಮಂದಿರಿಗೆ ತಂಗಿಯರಿಗೆ. ತಾತ್ಕಾಲಿಕ ಪಟ್ಟಿ ಬಂತು ಅಂದ್ರೆ ಹೆಸರು ಇದೆಯಾ ಅಂತಷ್ಟೇ ನೋಡ್ಬೇಡಿ, ಹೆಸರಿನ ಎದುರಿಗಿರೋ ತಾರೀಖುಗಳನ್ನ ಒಂದೊಂದಾಗಿ ನಿಮ್ಮ ಆರ್ಡರ್ ಕಾಪಿ ಜೊತೆ ಇಟ್ಟು ನೋಡಿ. ತಪ್ಪಿದ್ರೆ ಗಡುವಿನೊಳಗೆ ಬರೆದು ಕೊಡಿ, ಪರಿಚಯದವರ ಕೈಗೆ ಕೊಟ್ಟು ಬರಬೇಡಿ, ಟಪಾಲು ಶಾಖೆಗೇ ಹೋಗಿ. ನಿಮ್ಮ ನಕಲಿನ ಮೇಲೆ ಸೀಲು, ಇನ್ವರ್ಡ್ ನಂಬರು, ತಾರೀಖು, ಮೂರೂ ಬೀಳೋವರೆಗೆ ಅಲ್ಲಿಂದ ಕದಲಬೇಡಿ. ನಮ್ಮಪ್ಪನ ನಕಲು ಈಗಲೂ ನನ್ನ ಹತ್ರ ಇದೆ, ನಾಲ್ಕು ಪುಟ, ಮುತ್ತಿನಂಥ ಅಕ್ಷರ, ಮೇಲ್ಗಡೆ ಎಡಮೂಲೆಯಲ್ಲಿ ಸೀಲಿಗೆ ಅಂತ ಬಿಟ್ಟ ಜಾಗ ಹಾಗೇ ಖಾಲಿ ಇದೆ.

ನಮಸ್ಕಾರ.