ಗಡಿನಾಡಿನ ವಿದ್ಯಾರ್ಥಿಗಳ ಬಾಡಿಗೆ ಲೆಕ್ಕ

ಕೇಳುಗರಿಗೆ ನಮಸ್ಕಾರ.

ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯ, ವಿದ್ಯಾನಗರದ ಸರ್ಕಾರಿ ಕಾಲೇಜು, ಗಡಿಯಾಚೆ ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯ: ಕೇರಳದ ಕಾಸರಗೋಡು ಜಿಲ್ಲೆಯ ನಮ್ಮ ಬದಿಯಡ್ಕ, ಪೆರ್ಲ, ಮುಳ್ಳೇರಿಯ, ವರ್ಕಾಡಿ ಕಡೆಯ ಮಕ್ಕಳು ಓದಲು ಹೋಗುವ ಜಾಗಗಳಿವು. ಸೀಟು ಸಿಕ್ಕಿದ ಸಂತೋಷ ಒಂದು ವಾರ. ಆಮೇಲೆ ಅಡ್ವಾನ್ಸ್, ಬಾಡಿಗೆ, ಕರೆಂಟ್ ಬಿಲ್. ವಿದ್ಯಾರ್ಥಿವೇತನ ಯಾವಾಗಲೋ ಒಟ್ಟಿಗೆ ಬರುತ್ತದೆ, ಬಾಡಿಗೆ ಮಾತ್ರ ಪ್ರತಿ ತಿಂಗಳ ಐದನೇ ತಾರೀಕಿಗೆ ಕೊಡಲೇಬೇಕು. ಹೆಚ್ಚಿನವರು ಸೋಲುವುದು ಇಲ್ಲೇ.

ಮೊದಲು, ರೂಮು ಬೇಕೇ ಬೇಕೇ ಎಂದು ನೋಡಿ. ರೈಲು ಹಳಿಗೆ ಹತ್ತಿರದವರಾದರೆ ಸೀಸನ್ ಟಿಕೆಟ್ಟಿನ ಲೆಕ್ಕ ಹಾಕಿ. ವಿದ್ಯಾರ್ಥಿಗಳಿಗೆ ಇದರಲ್ಲಿ ಅರ್ಧ ದರ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಮುಕ್ಕಾಲು ಪಾಲು ರಿಯಾಯಿತಿ. ಪದವಿ ತರಗತಿಯವರೆಗೆ ಓದುವ ಹುಡುಗಿಯರಿಗೆ ಮನೆಯಿಂದ ಕಾಲೇಜಿಗೆ ಎರಡನೇ ದರ್ಜೆಯ ತಿಂಗಳ ಸೀಸನ್ ಪೂರ್ತಿ ಉಚಿತ. ಇದು ಎಷ್ಟೋ ಮನೆಗಳಿಗೆ ಗೊತ್ತೇ ಇಲ್ಲ. ಕಾಲೇಜಿನ ಆಫೀಸಿನಲ್ಲಿ ರಿಯಾಯಿತಿ ಪತ್ರಕ್ಕೆ ಪ್ರಾಂಶುಪಾಲರ ಸಹಿ, ಮೊಹರು ಹಾಕಿಸಿ ಟಿಕೆಟ್ ಕೌಂಟರಿಗೆ ಕೊಡಬೇಕು. ಮೂರು ತಿಂಗಳ ಸೀಸನ್ನಿಗೆ ತಿಂಗಳ ದರದ 2.7 ಪಟ್ಟು, ಅಲ್ಲೂ ಸ್ವಲ್ಪ ಉಳಿಯುತ್ತದೆ. ರಿಸರ್ವೇಶನ್ ಬೋಗಿ ಹತ್ತಬೇಡಿ, ಸೂಪರ್‌ಫಾಸ್ಟ್ ಗಾಡಿಗೆ ಬೇರೆ ಸರ್ಚಾರ್ಜ್ ಇದೆ. ದಂಡ ಬೀಳುವುದು ಈ ಎರಡು ಕಡೆ. ಮಂಜೇಶ್ವರ, ಉಪ್ಪಳದಿಂದ ಕೊಣಾಜೆಗೆ ಹೋಗುವವರು ಮಂಗಳೂರಿನ ತನಕ ಹೋಗಬೇಕೆಂದಿಲ್ಲ. ಉಳ್ಳಾಲದಲ್ಲಿ ಇಳಿದರೆ ತೊಕ್ಕೊಟ್ಟಿನಿಂದ ದೇರಳಕಟ್ಟೆ ದಾರಿಯ ಬಸ್ಸು ಸಿಗುತ್ತದೆ. ಆದರೆ ಪೆರ್ಲದ ಒಳಗಿನಿಂದ ಬೆಳಗ್ಗೆ ಎರಡು ಬಸ್ಸು ಬದಲಿಸಿ ಹೋಗುವ ಮಗುವಿಗೆ ಓದಲು ಹೊತ್ತೇ ಉಳಿಯುವುದಿಲ್ಲ. ಅಂಥವರಿಗೆ ರೂಮು ಬೇಕು, ಅದರಲ್ಲಿ ಜಿಪುಣತನ ಸಲ್ಲದು.

ಇನ್ನು ಕಾಗದಪತ್ರ. ಗಡಿನಾಡಿನವರು ಎಡವುವುದು ಇಲ್ಲೇ ಹೆಚ್ಚು. ಗಡಿನಾಡ ಕನ್ನಡಿಗರೆಂಬ ಮೀಸಲಾತಿಯಲ್ಲಿ ಕರ್ನಾಟಕದಲ್ಲಿ ಸೀಟು ಸಿಕ್ಕಿತು ಎಂದಾಕ್ಷಣ ಅಲ್ಲಿನ ವಿದ್ಯಾರ್ಥಿವೇತನವೂ ಸಿಗುತ್ತದೆ ಎಂದು ನಂಬಬೇಡಿ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದವರಿಗೆ ಊಟ, ವಸತಿಗೆಂದು 10 ತಿಂಗಳು ಹಣ ಕೊಡುವ ವಿದ್ಯಾಸಿರಿ ಯೋಜನೆ ಕರ್ನಾಟಕದ ನಿವಾಸಿಗಳಿಗೆ. ಅಲ್ಲಿನ ಪೋರ್ಟಲ್ ಜಾತಿ, ಆದಾಯ ಪತ್ರಗಳಿಗೆ ನಾಡಕಚೇರಿಯ ಆರ್‌ಡಿ ಸಂಖ್ಯೆ ಕೇಳುತ್ತದೆ. ನಮ್ಮ ವಿಲೇಜ್ ಆಫೀಸಿನ ಪತ್ರದಲ್ಲಿ ಆ ಸಂಖ್ಯೆ ಇರುವುದಿಲ್ಲ, ಅರ್ಜಿ ಅಲ್ಲೇ ನಿಲ್ಲುತ್ತದೆ. ಪರಿಶಿಷ್ಟ ಜಾತಿಯ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದ ನಿಯಮವೂ ಸ್ಪಷ್ಟ: ಎಲ್ಲಿ ಓದಿದರೂ ಹಣ ಕೊಡಬೇಕಾದ್ದು ಕುಟುಂಬ ಕಾಯಂ ನೆಲೆಸಿದ ರಾಜ್ಯ. ಹಾಗಾಗಿ ಕೊಣಾಜೆಯಲ್ಲಿ ಓದುವ ಕುಂಬಳೆಯ ವಿದ್ಯಾರ್ಥಿ ಕೇರಳದ ಮೂಲಕವೇ ಅರ್ಜಿ ಹಾಕಬೇಕು. ಕುಟುಂಬದ ವಾರ್ಷಿಕ ಆದಾಯ 2.5 ಲಕ್ಷ ದಾಟಿರಬಾರದು. ಸಾಮಾನ್ಯ ಬಿ.ಎ., ಎಂ.ಎ. ಓದುವವರಿಗೆ ಹಾಸ್ಟೆಲಿನಲ್ಲಿದ್ದರೆ ವರ್ಷಕ್ಕೆ 6,000, ಹೊರಗಿದ್ದರೆ 3,000 ಭತ್ಯೆ. ತಿಂಗಳಿಗೆ ಹಂಚಿದರೆ 500 ಮತ್ತು 250 ರೂಪಾಯಿ. ಇದರಿಂದ ಬಾಡಿಗೆ ತೀರುವುದಿಲ್ಲ. ಕಾಲೇಜಿನ ಶುಲ್ಕದ ಹೊರೆ ಇಳಿಯುವುದೇ ಇದರ ದೊಡ್ಡ ಲಾಭ.

ಯಾವ ಜಾತಿಯವರಾದರೂ ಹನ್ನೆರಡನೇ ತರಗತಿಯಲ್ಲಿ ತಮ್ಮ ಬೋರ್ಡಿನ ಮೇಲಿನ ಶೇಕಡಾ 20ರೊಳಗೆ ಬಂದಿದ್ದು, ಕುಟುಂಬದ ಆದಾಯ 4.5 ಲಕ್ಷದೊಳಗೆ ಇದ್ದರೆ ಕೇಂದ್ರದ ವಿದ್ಯಾರ್ಥಿವೇತನಕ್ಕೆ ರಾಷ್ಟ್ರೀಯ ಪೋರ್ಟಲಿನಲ್ಲಿ ಅರ್ಜಿ ಹಾಕಬಹುದು. ಪದವಿಯ ಮೂರು ವರ್ಷ ವರ್ಷಕ್ಕೆ 12,000, ಸ್ನಾತಕೋತ್ತರದಲ್ಲಿ 20,000. ಪ್ರತಿ ವರ್ಷ ನವೀಕರಿಸಬೇಕು, ಅದಕ್ಕೆ ಶೇಕಡಾ 50 ಅಂಕ, ಶೇಕಡಾ 75 ಹಾಜರಿ ಬೇಕು. ಸಂಜೆ ಕೆಲಸಕ್ಕೆ ಹೋಗಿ ಬಾಡಿಗೆ ತುಂಬಲು ಹೊರಟವರು ಈ ಹಾಜರಿಯನ್ನು ಕಳೆದುಕೊಳ್ಳುವುದುಂಟು. ಹಾಗಾದರೆ ದುಡಿದದ್ದಕ್ಕಿಂತ ಹೋದದ್ದೇ ಹೆಚ್ಚು.

ಹಣ ಬಾರದಿರಲು ದೊಡ್ಡ ಕಾರಣ ಹೆಸರು. ಎಸ್ಸೆಸ್ಸೆಲ್ಸಿ ಪುಸ್ತಕದಲ್ಲಿ ಇನಿಶಿಯಲ್ ಕೊನೆಗೆ, ಆಧಾರಿನಲ್ಲಿ ಮುಂದೆ. ಒಂದು ಕಡೆ ಮನೆಯ ಹೆಸರು ಸೇರಿದೆ, ಇನ್ನೊಂದು ಕಡೆ ಇಲ್ಲ. ಕನ್ನಡದ ಹೆಸರು ಮಲಯಾಳದ ಮೂಲಕ ಇಂಗ್ಲಿಷಿಗೆ ಹೋಗುವಾಗ ಕೊನೆಯ ದೀರ್ಘ ಬಿದ್ದಿದೆ. ಸರ್ಕಾರಿ ಸೇವೆಗಳ ಅಕ್ಷಯ ಕೇಂದ್ರದಲ್ಲಿ ಅರ್ಜಿ ಹಾಕಿದರೆ ಎರಡೂ ಹೆಸರಿನವರು ಒಬ್ಬರೇ ಎಂದು ವಿಲೇಜ್ ಆಫೀಸಿನವರು ಪತ್ರ ಕೊಡುತ್ತಾರೆ, ‘ವನ್ ಆಂಡ್ ದ ಸೇಮ್’ ಸರ್ಟಿಫಿಕೇಟ್ ಎಂದು ಕೇಳಿ. ಸಾಧ್ಯವಿದ್ದರೆ ಆಧಾರನ್ನೇ ಶಾಲಾ ದಾಖಲೆಗೆ ಸರಿಯಾಗಿ ತಿದ್ದಿಸುವುದು ಮೇಲು. ಬ್ಯಾಂಕಿನಲ್ಲೂ ಒಂದು ಮಾತು ವಿಚಾರಿಸಿ. ಆಧಾರ್ ಮೂಲಕ ಬರುವ ಹಣ ಕೊನೆಗೆ ಜೋಡಿಸಿದ ಖಾತೆಗೆ ಹೋಗುತ್ತದೆ. ಹೊಸ ಖಾತೆ ತೆರೆಯುವಾಗ ಗೊತ್ತಿಲ್ಲದೆ ಜೋಡಣೆ ಬದಲಾಗಿದ್ದರೆ, ಹಣ ಬಂದರೂ ನೀವು ನೋಡುತ್ತಿರುವ ಪಾಸ್‌ಬುಕ್ಕಿನಲ್ಲಿ ಕಾಣುವುದಿಲ್ಲ.

ಶಿಕ್ಷಣ ಸಾಲ ತೆಗೆಯುವವರು ವಸತಿಯ ಖರ್ಚನ್ನು ಮೊದಲ ಅರ್ಜಿಯಲ್ಲೇ ಸೇರಿಸಬೇಕು. ಹೊರಗೆ ಉಳಿಯಬೇಕಾಗಿ ಬಂದರೆ ನ್ಯಾಯವಾದ ಊಟ, ವಸತಿಯ ವೆಚ್ಚವನ್ನು ಬ್ಯಾಂಕುಗಳ ಮಾದರಿ ಸಾಲ ಯೋಜನೆ ಒಪ್ಪುತ್ತದೆ. ಕಾಲೇಜಿನ ಶುಲ್ಕಪಟ್ಟಿ ಮಾತ್ರ ಕೊಟ್ಟರೆ ಅಷ್ಟಕ್ಕೇ ಮಂಜೂರಾಗುತ್ತದೆ, ಮತ್ತೆ ಏರಿಸಿಕೊಳ್ಳುವುದು ಬಹಳ ಕಷ್ಟ.

ಸಂಶೋಧನೆಗೆ ಸೇರಿದವರಿಗೆ ಒಂದು ಮಾತು. ಜೆ.ಆರ್.ಎಫ್., ಅಂದರೆ ಕಿರಿಯ ಸಂಶೋಧನಾ ಫೆಲೋಶಿಪ್ ಇದ್ದವರಿಗೆ ಹಾಸ್ಟೆಲ್ ಸಿಗದಿದ್ದರೆ ತಿಂಗಳ 37,000 ರೂಪಾಯಿಯ ಮೇಲೆ ಮನೆಬಾಡಿಗೆ ಭತ್ಯೆಯೂ ಇದೆ. ಆದರೆ ವಿಶ್ವವಿದ್ಯಾಲಯ ಕೊಟ್ಟ ಹಾಸ್ಟೆಲನ್ನು ನೀವಾಗಿ ಬಿಟ್ಟರೆ ಭತ್ಯೆ ತಪ್ಪುತ್ತದೆ. ಹಾಸ್ಟೆಲ್ ಖಾಲಿ ಇಲ್ಲವೆಂದು ಲಿಖಿತವಾಗಿ ತೆಗೆದುಕೊಂಡ ಮೇಲೆಯೇ ಹೊರಗೆ ರೂಮು ಹಿಡಿಯಿರಿ.

ಈಗ ರೂಮಿಗೆ ಬರೋಣ. ನಾಲ್ವರು ಸೇರಿ 8,000 ರೂಪಾಯಿಯ ಕ್ವಾರ್ಟರ್ಸ್ ಹಿಡಿದರೆ ತಲಾ 2,000. ಡಿಸೆಂಬರಿನಲ್ಲಿ ಒಬ್ಬ ಬಿಟ್ಟುಹೋದರೆ ಉಳಿದವರ ತಲೆಗೆ 2,667. ಕರಾರಿನಲ್ಲಿ ಒಬ್ಬನ ಹೆಸರು ಮಾತ್ರ ಇದ್ದರೆ ಇಡೀ ಹೊರೆ ಅವನದೇ. ಆದ್ದರಿಂದ ನಾಲ್ಕು ಹೆಸರೂ ಇರಲಿ. ಬಿಡುವವರು ಒಂದು ತಿಂಗಳು ಮೊದಲೇ ಹೇಳಬೇಕು, ಇಲ್ಲವೇ ಬದಲಿ ಜನ ತರಬೇಕು ಎಂದು ನಿಮ್ಮೊಳಗೇ ಬರೆದಿಟ್ಟುಕೊಳ್ಳಿ. ಮಾಮೂಲಿ ಕರಾರು 11 ತಿಂಗಳದ್ದು. ಕಾಲೇಜು ನಡೆಯುವುದು ಸುಮಾರು 10 ತಿಂಗಳು. ರಜೆಯ ತಿಂಗಳಿಗೆ ಅರ್ಧ ಬಾಡಿಗೆ ಎಂದು ಸೇರುವ ದಿನವೇ ಕೇಳಿ. ಆಗ ಒಪ್ಪುವ ಮನೆಯ ಧಣಿಯವರು ಏಪ್ರಿಲಿನಲ್ಲಿ ಕೇಳಿದರೆ ಒಪ್ಪುವುದಿಲ್ಲ.

ಕರೆಂಟಿನ ಲೆಕ್ಕ ಇನ್ನೂ ಸೂಕ್ಷ್ಮ. ಕೇರಳದಲ್ಲಿ ಮನೆಗಳ ಬಿಲ್ಲು ಎರಡು ತಿಂಗಳಿಗೊಮ್ಮೆ. ತಿಂಗಳಿಗೆ 250 ಯೂನಿಟ್, ಅಂದರೆ ಒಂದು ಬಿಲ್ಲಿಗೆ 500 ಯೂನಿಟ್ ದಾಟಿತೋ, ಮೊದಲ ಯೂನಿಟ್ಟಿನಿಂದಲೇ ಮೇಲಿನ ದರ. 2,000 ವಾಟಿನ ಇಂಡಕ್ಷನ್ ಒಲೆ ದಿನಕ್ಕೆ ಎರಡು ಗಂಟೆ ಪೂರ್ತಿ ಉರಿದರೆ 4 ಯೂನಿಟ್, 60 ದಿನಕ್ಕೆ 240. ಧಣಿಯವರ ಮನೆಗೂ ನಿಮಗೂ ಒಂದೇ ಮೀಟರ್ ಆಗಿದ್ದರೆ ಈ ಗೆರೆ ದಾಟುವುದು ಖಂಡಿತ, ಮತ್ತೆ ಯಾರು ಎಷ್ಟು ಎಂಬ ಜಗಳ. ಸಬ್ ಮೀಟರ್ ಹಾಕಿಸಲು ಕೇಳಿ, ಸೇರಿದ ದಿನವೇ ಮೀಟರಿನ ಅಂಕಿಯ ಫೋಟೋ ತೆಗೆದಿಡಿ. ಕುಚ್ಚಿಲಕ್ಕಿ ಬೇಯಿಸುವವರಿಗೆ ಗ್ಯಾಸೇ ಒಳ್ಳೆಯದು. 5 ಕಿಲೋದ ಸಣ್ಣ ಸಿಲಿಂಡರಿಗೆ ವಿಳಾಸದ ದಾಖಲೆ ಬೇಡ, ಗುರುತಿನ ಚೀಟಿ ಸಾಕು. ಅಕ್ಕಿಯನ್ನು ರಾತ್ರಿ ಬಿಸಿನೀರಿನಲ್ಲಿ ನೆನೆಹಾಕಿದರೆ ಅದರಲ್ಲೂ ಉಳಿಯುತ್ತದೆ.

ಬಾಡಿಗೆ ಈಗಾಗಲೇ ಬಾಕಿಯಾಗಿದ್ದರೆ ಮನೆಯ ಧಣಿಯವರಿಂದ ತಲೆಮರೆಸಿಕೊಳ್ಳಬೇಡಿ. ಐದನೇ ತಾರೀಕಿಗೆ ಮೊದಲೇ, ಇಷ್ಟು ಈಗ, ಇಷ್ಟು ಇಂಥ ದಿನ ಎಂದು ಬರೆದು ತಿಳಿಸಿ. ಕೊಟ್ಟದ್ದಕ್ಕೆ ರಶೀದಿ ಪಡೆಯಿರಿ, ಫೋನಿನಲ್ಲಿ ಕಳಿಸಿದರೆ ಯಾವ ತಿಂಗಳ ಬಾಡಿಗೆ ಎಂದು ನಮೂದಿಸಿ. ಕೇರಳದ 1965ರ ಬಾಡಿಗೆ ನಿಯಂತ್ರಣ ಕಾಯ್ದೆಯಡಿ ಬಾಕಿಯ ಕಾರಣಕ್ಕೆ ತೆರವು ಕೇಳುವ ಮೊದಲು ಧಣಿಯವರು ರಿಜಿಸ್ಟರ್ಡ್ ನೋಟೀಸು ಕೊಟ್ಟು 15 ದಿನ ಕಾಯಬೇಕು, ಆಮೇಲೂ ಬಾಡಿಗೆ ನ್ಯಾಯಾಲಯಕ್ಕೇ ಹೋಗಬೇಕು. ನೀರು, ಕರೆಂಟು ಕಡಿದು ಹೊರಹಾಕುವಂತಿಲ್ಲ. ಪಿಜಿಯಲ್ಲಿ, ಅಂದರೆ ಪೇಯಿಂಗ್ ಗೆಸ್ಟ್ ಆಗಿ, ಇಲ್ಲವೇ ಖಾಸಗಿ ಹಾಸ್ಟೆಲಿನಲ್ಲಿ ಇರುವವರಿಗೆ ಈ ರಕ್ಷಣೆ ಸುಲಭಕ್ಕೆ ಸಿಗದು, ಅಲ್ಲಿ ಸೇರುವಾಗ ಸಹಿ ಹಾಕಿದ ಕಾಗದವೇ ಮುಖ್ಯ. ಹೆಣ್ಣುಮಕ್ಕಳಿಗೆ ಮತ್ತು ಪರಿಶಿಷ್ಟರಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. ಕರೆ ಮಾಡಬೇಕಾದ ಸಂಖ್ಯೆ 15100.

ಮಲಯಾಳ ಬರೆಯಲು ಬಾರದೆಂದು ಅರ್ಜಿಯನ್ನೇ ಕೈಬಿಡುವ ಮಕ್ಕಳಿದ್ದಾರೆ. ಕನ್ನಡದಲ್ಲೇ ಬರೆದು ಕೊಡಿ. ಕೇರಳದ ಭಾಷಾ ಕಾನೂನು ನಮ್ಮ ಭಾಗದ ಕಚೇರಿಗಳಲ್ಲಿ ಆ ಹಕ್ಕು ಕೊಟ್ಟಿದೆ, ಉತ್ತರವೂ ಕನ್ನಡದಲ್ಲೇ ಬರಬೇಕು. ನಮಸ್ಕಾರ.